ಸ್ವಂತ ಖರ್ಚಿನಲ್ಲಿ ಪುಸ್ತಕ: ಕಾಸರಗೋಡಿನಲ್ಲಿ ಕೂತು ಎಷ್ಟು ಪ್ರತಿ ಹಾಕಿಸಬೇಕು, ಯಾರಿಗೆ ಮಾರಬೇಕು?

ಬದಿಯಡ್ಕದವಳು:

ನಮಸ್ಕಾರ. ಕೆಲವು ವರ್ಷಗಳಿಂದ ಪತ್ರಿಕೆಗಳ ಪುರವಣಿಗೆ ಬರೆಯುತ್ತಿದ್ದೇನೆ. ತೋಟ, ಹಳ್ಳಿ, ಗಡಿಭಾಗದ ಕನ್ನಡ ಶಾಲೆ, ಹೀಗೆ. ಅದನ್ನೆಲ್ಲ ಸೇರಿಸಿ ಪುಸ್ತಕ ಮಾಡುವ ಆಸೆ, ಸುಮಾರು 160 ಪುಟ ಆಗಬಹುದು. ಒಬ್ಬ ಪ್ರಕಾಶಕರನ್ನು ಕೇಳಿದೆ. "ಬರಹ ಚೆನ್ನಾಗುಂಟು, ಆದರೆ 300 ಪ್ರತಿ ನೀವೇ ಕೊಂಡುಕೊಳ್ಳಬೇಕು" ಅಂದರು. ಹಾಗಾದರೆ ನಾನೇ ಯಾಕೆ ಪ್ರಿಂಟ್ ಮಾಡಿಸಬಾರದು ಅಂತ ಮಂಗಳೂರಿನ ಒಂದು ಪ್ರೆಸ್ಸಿಗೆ ಹೋದರೆ ಅವರು 1000 ಹಾಕಿಸಿ, ಒಂದಕ್ಕೆ ಬೀಳುವ ಖರ್ಚು ತುಂಬ ಇಳಿಯುತ್ತದೆ ಅನ್ನುತ್ತಾರೆ. ಸಾವಿರ ಪುಸ್ತಕ ಎಲ್ಲಿಡ್ತೀ, ಅಡಿಕೆ ಅಟ್ಟದಲ್ಲಾ ಅಂತ ಮನೆಯಲ್ಲಿ ನಗುತ್ತಾರೆ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕಾ? ಅಂಗಡಿಗೆ ಕೊಟ್ಟರೆ ಎಷ್ಟು ಉಳಿಯುತ್ತದೆ? ನಾವು ಕೇರಳದಲ್ಲಿದ್ದೇವೆ, ಓದುಗರು ಹೆಚ್ಚಿನವರು ಆಚೆ ಕಡೆ. ಇನ್ನೊಂದು ವಿಷಯ, ಬರವಣಿಗೆಯಿಂದಲೇ ಸ್ವಲ್ಪ ಸಂಪಾದನೆ ಆಗುವ ದಾರಿ ಉಂಟಾ? ಒಂದು ಪತ್ರಿಕೆಯವರು ಲೇಖನ ಹಾಕಿ ತಿಂಗಳುಗಟ್ಟಲೆ ಆಯಿತು, ಸಂಭಾವನೆಯ ಸುದ್ದಿಯೇ ಇಲ್ಲ.

ಹಳೇ ಡಿಟಿಪಿ:

1000 ಬೇಡವೇ ಬೇಡ. ಪ್ರೆಸ್ಸಿನವರು ಹೇಳಿದ್ದು ಸುಳ್ಳಲ್ಲ, ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್ ಮಾಡಿ ಅಚ್ಚು ಹಾಕುವಾಗ, ಪ್ಲೇಟ್ ಖರ್ಚು ಒಂದೇ ಸಲ, ಆದ್ದರಿಂದ ಪ್ರತಿ ಜಾಸ್ತಿ ಆದಷ್ಟೂ ಒಂದರ ಖರ್ಚು ಇಳಿಯುತ್ತದೆ. ಆದರೆ ಇಳಿಯುವುದು ಒಂದು ಪುಸ್ತಕದ್ದು, ನಿಮ್ಮ ಕೈಯಿಂದ ಹೋಗುವ ಒಟ್ಟು ಹಣ ಏರುತ್ತದೆ ಅಲ್ವಾ? ಇನ್ನೂರು ಮುನ್ನೂರು ಪ್ರತಿ ಡಿಜಿಟಲ್‌ನಲ್ಲಿ, ಅಂದರೆ ಪ್ಲೇಟ್ ಇಲ್ಲದೆ ನೇರ ಫೈಲಿನಿಂದ, ಹಾಕಿಸಿ. ಖಾಲಿಯಾದರೆ ಅದೇ ಫೈಲಿನಿಂದ ಮತ್ತೆ ಹಾಕಿಸಬಹುದು.

ನಿಜವಾದ ಮಂಡೆಬಿಸಿ ಇರುವುದು ಫಾಂಟ್‌ನಲ್ಲಿ. ನೀವು ಮೊಬೈಲಿನಲ್ಲಿ ಬರೆದಿದ್ದರೆ ಅದು ಯುನಿಕೋಡ್, ಅಂದರೆ ಎಲ್ಲ ಫೋನು ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ. ನಮ್ಮ ಕಡೆ ಎಷ್ಟೋ ಪ್ರೆಸ್ಸುಗಳಲ್ಲಿ ಇನ್ನೂ ಪುಟ ಕಟ್ಟುವ ಹಳೇ ತಂತ್ರಾಂಶ ಪೇಜ್‌ಮೇಕರ್, ಅದರಲ್ಲಿ ನುಡಿ ಅಥವಾ ಶ್ರೀಲಿಪಿಯ ಹಳೇ ಫಾಂಟ್. ಅದಕ್ಕೆ ಪರಿವರ್ತನೆ ಮಾಡುವಾಗ ಒತ್ತಕ್ಷರ ತಪ್ಪುತ್ತದೆ, ಅರ್ಕಾವೊತ್ತು ಎಲ್ಲೋ ಹೋಗುತ್ತದೆ, ಇಂಗ್ಲಿಷ್ ಪದ, ಅಂಕಿ, ಉದ್ಧರಣ ಚಿಹ್ನೆ ಎಲ್ಲ ಬೇರೇನೋ ಆಗಿ ಕೂತಿರುತ್ತದೆ. ನೀವು ಮನೆಯಲ್ಲಿ ಕರಡು ತಿದ್ದಿದ್ದು ಅಷ್ಟೂ ನೀರಿಗೆ. ಹಾಗಾಗಿ ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶದಲ್ಲಿ ಯುನಿಕೋಡ್ ಫಾಂಟ್ ಇಟ್ಟೇ ಪುಟ ಕಟ್ಟುವವರನ್ನು ಹುಡುಕಿ. ಸಿಗದಿದ್ದರೆ ಪುಟ ಕಟ್ಟಿದ ಮೇಲಿನ ಪಿಡಿಎಫ್ ಅನ್ನು ಮೊದಲಿನಿಂದ ಕೊನೆಯ ತನಕ ಇನ್ನೊಮ್ಮೆ ಓದಿ, ಸುಮ್ನೆ ಕಣ್ಣಾಡಿಸಿದರೆ ಸಾಲದು. ಕೆಲಸ ಮುಗಿದಾಗ ಆ ಫೈಲ್ ಮತ್ತು ಪಿಡಿಎಫ್ ಎರಡನ್ನೂ ಕೇಳಿ ಪಡೆಯಿರಿ. ಅದು ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಉಳಿದರೆ ಎರಡನೇ ಮುದ್ರಣಕ್ಕೂ ಅವರನ್ನೇ ಹಿಡಿಯಬೇಕು.

ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಮಾಡಿಸಿ ಕೊಡುತ್ತೇವೆ ಅಂತ ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ.

ಕುಂಬಳೆ ಎಕ್ಸ್‌ಪ್ರೆಸ್:

ಇಷ್ಟೆಲ್ಲ ಪಿರಿಪಿರಿ ಯಾಕೆ ಮಾರಾಯ್ರೆ, ಕಿಂಡಲ್‌ನಲ್ಲಿ ಇ-ಬುಕ್ ಹಾಕಿ ಬಿಡಿ. ಖರ್ಚೇ ಇಲ್ಲ.

ಹಳೇ ಡಿಟಿಪಿ:

ಲೇಖಕರು ತಾವೇ ಕಿಂಡಲ್‌ಗೆ ಏರಿಸುವ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಉಂಟು, ಕನ್ನಡ ಇಲ್ಲ. ಬದಿಯಡ್ಕದವರು ಮಲಯಾಳಂನಲ್ಲಿ ಬರೆದಿದ್ದರೆ ಇವತ್ತೇ ಏರಿಸಬಹುದಿತ್ತು! ಕನ್ನಡದ ಇ-ಬುಕ್ಕಿಗೆ ಗೂಗಲ್ ಪ್ಲೇ ಬುಕ್ಸ್ ಉಂಟು, ಮೈಲ್ಯಾಂಗ್ ಉಂಟು. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮೂರಿನ ಓದುಗರು ಪುಸ್ತಕ ಕೈಯಲ್ಲಿ ಹಿಡಿದೇ ನೋಡುವವರು.

ಮಂಜೇಶ್ವರದ ಮಾಸ್ತರ್ರು:

ಅಂಗಡಿಯ ಲೆಕ್ಕ ಹೇಳುತ್ತೇನೆ. ಬೆಲೆ 180 ಇಟ್ಟಿರಿ ಅಂತಿಟ್ಟುಕೊಳ್ಳಿ. ಅಂಗಡಿಗೋ ವಿತರಕರಿಗೋ 40 ಶೇಕಡಾ ಅಂದರೆ 72 ಹೋಯಿತು. ಉಳಿದ 108ರಲ್ಲಿ ಮುದ್ರಣಕ್ಕೆ 60 ಬಿದ್ದಿದ್ದರೆ ನಿಮಗೆ 48. ಅದರಲ್ಲಿ ಸಾಗಾಟ, ಗೌರವ ಪ್ರತಿ, ಬಿಡುಗಡೆಯ ದಿನದ ಹಾಲ್, ಶಾಲು, ಊಟ. ಅದೂ ಅಂಗಡಿಯವರು ಮಾರಿದ ಮೇಲೆ ಕೊಡುವುದು, ನೀವು ಕೇಳಿ ಕೇಳಿ ಸುಸ್ತಾದ ಮೇಲೆ. ಅದೇ ಪುಸ್ತಕ ನಿಮ್ಮ ಕೈಯಿಂದ 150ಕ್ಕೆ ಕೊಟ್ಟರೂ 90 ಉಳಿಯುತ್ತದೆ. ಕಾಸರಗೋಡಿನ ಲೇಖಕರಿಗೆ ಕೈಮಾರಾಟವೇ ಗಟ್ಟಿ, ಅಂಗಡಿ ಹೆಸರಿಗೆ ಮಾತ್ರ.

ಎಲ್ಲಿ ಮಾರುವುದು? ಜನ ಸೇರುವಲ್ಲಿ. ತಾಳಮದ್ದಳೆ, ಬ್ರಹ್ಮಕಲಶ, ಶಾಲೆಯ ವಾರ್ಷಿಕೋತ್ಸವ, ಕಲೋತ್ಸವ. ಸಂಘಟಕರನ್ನು ಮೊದಲೇ ಕೇಳಿ ಒಂದು ಮೇಜು ಹಾಕಿಸಿಕೊಳ್ಳಿ. ಜೂನ್ 19 ಕೇರಳದಲ್ಲಿ ಓದುವ ದಿನ, ಪಿ. ಎನ್. ಪಣಿಕ್ಕರ್ ನೆನಪಿನದ್ದು. ಆ ವಾರ ಪ್ರತಿ ಶಾಲೆಗೂ ಒಬ್ಬ ಲೇಖಕರು ಬೇಕು. ಕಾಸರಗೋಡು, ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಿಗೆ ನೀವೇ ಫೋನ್ ಮಾಡಿ, ಕರೆಯಲಿ ಅಂತ ಕಾಯಬೇಡಿ. ಗಡಿ ಶಾಲೆಯ ಬಗ್ಗೆ ಬರೆದವರನ್ನು ಆ ಶಾಲೆಯವರು ಬಿಡುತ್ತಾರಾ? ಅದು ಬಿಟ್ಟರೆ ನವೆಂಬರ್ 1. ನಮ್ಮಲ್ಲಿ ಅವತ್ತು ಎರಡೂ ರಾಜ್ಯದ ಹಬ್ಬ, ಬೇರೆಲ್ಲಿಯೂ ಇಲ್ಲದ ಭಾಗ್ಯ. (1956ರಲ್ಲಿ ಯಾವ ಕಡೆ ಹೋದೆವು ಅಂತ ಇಲ್ಲಿ ಶುರು ಮಾಡಬೇಡಿ, ಬೆಳಗಾಗುತ್ತದೆ.)

ಜಿಲ್ಲಾ ಲೈಬ್ರರಿ ಕೌನ್ಸಿಲ್ ನಡೆಸುವ ಪುಸ್ತಕೋತ್ಸವವನ್ನು ಕನ್ನಡದವರು ಮರೆತೇ ಬಿಡುತ್ತಾರೆ. ಹಳ್ಳಿ ಗ್ರಂಥಾಲಯಗಳು ಗ್ರಾಂಟ್ ಹಣದಲ್ಲಿ ಪುಸ್ತಕ ಕೊಳ್ಳುವುದು ಅಲ್ಲಿ. ನಮ್ಮ ಗ್ರಂಥಾಲಯಗಳಲ್ಲಿ ಕನ್ನಡ ಕಪಾಟು ಉಂಟು, ಅದರಲ್ಲಿ ಹೊಸ ಪುಸ್ತಕ ಕಡಿಮೆ. ಮೊದಲೇ ಗ್ರಂಥಪಾಲಕರಿಗೆ ಒಂದು ಪ್ರತಿ ತೋರಿಸಿ, ಸ್ಟಾಲ್ ಯಾವುದು ಅಂತ ಹೇಳಿ ಬನ್ನಿ.

ಆಚೆ ಕಡೆಯದ್ದೂ ಬಿಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಹಸ್ತಪ್ರತಿ ಕಳಿಸಬೇಕು, ಅಂದರೆ ಪ್ರಿಂಟ್ ಮಾಡಿಸುವ ಮೊದಲೇ ನೋಡಬೇಕಾದದ್ದು. ವಯಸ್ಸಿನ ಷರತ್ತು ಉಂಟು. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ, ಹಾಕಿ ಮರೆತುಬಿಡಿ. ಬಂದರೆ ಲಾಭ. ಅದನ್ನು ನಂಬಿ 1000 ಹಾಕಿಸಿದವರ ಮನೆಯಲ್ಲಿ ಕಟ್ಟುಗಳು ಹಾಗೇ ಉಂಟು.

ಅಂಚೆಯಲ್ಲಿ 2025ರ ಮೇ ತಿಂಗಳಿನಿಂದ ಪುಸ್ತಕ ಕಳಿಸಲು ಜ್ಞಾನ ಪೋಸ್ಟ್ ಅಂತ ಬಂದಿದೆ. 300 ಗ್ರಾಂ ತನಕ 20 ರೂಪಾಯಿ, ಮೇಲೆ ತೆರಿಗೆ. ನಿಮ್ಮ 160 ಪುಟ ಡೆಮಿ ಅಳತೆಯಲ್ಲಿ (ಸಾಮಾನ್ಯ ಪುಸ್ತಕದ ಗಾತ್ರ), 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ 200 ಗ್ರಾಂ ಒಳಗೇ ನಿಲ್ಲುತ್ತದೆ. ಮುದ್ರಕರದ್ದೋ ಪ್ರಕಾಶಕರದ್ದೋ ಹೆಸರು ಪುಸ್ತಕದಲ್ಲಿ ಇರಲೇಬೇಕು. ನಿಧಾನ ಹೋಗುತ್ತದೆ, ಹೋಗಲಿ. ಕೊರಿಯರ್ ಹಾಕಿದರೆ ಉಳಿದ ಲಾಭ ಅದಕ್ಕೇ.

ಎರಡು ಭಾಷೆಯವನು:

ಸಂಪಾದನೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಲೇಖನ ಬರೆದು ಬದುಕಲು ಆಗುವುದಿಲ್ಲ, ಅನುವಾದದಿಂದ ಒಂದಷ್ಟು ಆಗುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಉಂಟು. ಹಾಗಾಗಿ ಪಾಠಪುಸ್ತಕ, ಪ್ರಶ್ನೆಪತ್ರಿಕೆ, ನೋಟೀಸು ಎಲ್ಲ ಕನ್ನಡಕ್ಕೆ ಬರಬೇಕು, ಚುನಾವಣೆ ಬಂದರೆ ಕರಪತ್ರ, ಜೀಪಿನ ಅನೌನ್ಸ್‌ಮೆಂಟ್ ಕೂಡ. ಎರಡೂ ಭಾಷೆ ಚೆನ್ನಾಗಿ ಬರೆಯುವವರು ಬೆಂಗಳೂರಿನಲ್ಲಿ ಎಷ್ಟು ಸಿಗುತ್ತಾರೆ? ನಾವು ಮನೆಯಲ್ಲೊಂದು, ಬಸ್ಸಿನಲ್ಲೊಂದು ಮಾತಾಡಿ ಬೆಳೆದವರು, ಅದಕ್ಕೆ ಬೆಲೆ ಕೇಳುವುದನ್ನು ಮಾತ್ರ ಕಲಿಯಲಿಲ್ಲ. ಪುಟಕ್ಕೆ ಎಷ್ಟು, ಯಾವಾಗ ಕೊಡುತ್ತೀರಿ, ಎಷ್ಟು ಸಲ ತಿದ್ದಬೇಕು, ಮೂರನ್ನೂ ವಾಟ್ಸಾಪಿನಲ್ಲಾದರೂ ಬರೆಸಿಕೊಂಡೇ ಶುರು ಮಾಡಿ. "ನಮ್ಮ ಭಾಷೆಯ ಸೇವೆ" ಅಂತ ಶುರು ಮಾಡಿದವರ ಹತ್ತಿರ ಅರ್ಧ ಮುಂಗಡ ಕೇಳಿ. ಮಲಯಾಳಂ ಕಥೆ ಕಾದಂಬರಿ ಅನುವಾದಿಸುವುದಾದರೆ ಮೂಲ ಲೇಖಕರ ಒಪ್ಪಿಗೆ ಮೊದಲು. ಲೇಖಕರು ತೀರಿಕೊಂಡು 60 ವರ್ಷದ ತನಕ ಹಕ್ಕು ವಾರಸುದಾರರದ್ದು.

ನಿಮ್ಮ ಲೇಖನಗಳ ವಿಷಯ: ನೀವು ಪತ್ರಿಕೆಯ ನೌಕರರಲ್ಲ. ಲಿಖಿತವಾಗಿ ಬರೆದುಕೊಡದಿದ್ದರೆ ಹಕ್ಕು ನಿಮ್ಮದೇ. ಧೈರ್ಯವಾಗಿ ಪುಸ್ತಕ ಮಾಡಿ. ಮೊದಲು ಎಲ್ಲಿ ಬಂತು ಅಂತ ಒಂದು ಸಾಲು ಹಾಕಿದರೆ ಮರ್ಯಾದೆ.

ಬದಿಯಡ್ಕದವಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪ್ರಾಧಿಕಾರದ ವಯಸ್ಸು ನನಗೆ ದಾಟಿರಬೇಕು, ಇರಲಿ. 300 ಹಾಕಿಸುತ್ತೇನೆ, ಜೂನ್ ಮೊದಲು ಕೈಗೆ ಬರುವ ಹಾಗೆ. ಮುನ್ನುಡಿಗೆ ಬೆಂಗಳೂರಿನ ದೊಡ್ಡ ಹೆಸರು ಬೇಕು ಅಂತ ಕೆಲವರು ಹೇಳುತ್ತಾರೆ, ಹೌದಾ?

ಮಂಜೇಶ್ವರದ ಮಾಸ್ತರ್ರು:

ಬೇಡ. ಅವರು ಬರೆಯುವಾಗ ಮುಂದಿನ ಜೂನ್ ಬರುತ್ತದೆ. ನಿಮ್ಮ ಲೇಖನ ಓದಿ ಫೋನ್ ಮಾಡಿದ ಟೀಚರ್ ಯಾರಾದರೂ ಇದ್ದರೆ ಅವರಿಂದ ಬರೆಸಿ.

ಹಳೇ ಡಿಟಿಪಿ:

ಯಾರೇ ಬರೆಯಲಿ, ಎರಡು ಪುಟ ಮೀರದಿರಲಿ. 160 ಅಂದರೆ 16 ಪುಟದ ಹತ್ತು ಫಾರ್ಮ್ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಸರಿಯಾಗಿ. ಶೀರ್ಷಿಕೆ ಪುಟ, ಪರಿವಿಡಿ, ಅರಿಕೆ ಸೇರಿಸಿಯೇ 160 ಹೇಳಿದ್ದಾ ನೀವು?