ಬಣ್ಣದ ಡಯಲಿನ ಕ್ರೋನೋಗ್ರಾಫ್: ಅಪ್ಪನಿಗೆ ಗುಲಾಬಿಯೋ, ನೀಲಿಯೋ, ಬಿಳಿಯೋ?

ಪೊನ್ನಂಪೇಟೆಯ ಮಗಳು:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ನನ್ನ ಅಪ್ಪನಿಗೆ ಅರವತ್ತು ತುಂಬುತ್ತದೆ. ಊರಿನ ಹಾಕಿ ಪಂದ್ಯಗಳಲ್ಲಿ ಬಹಳ ವರ್ಷ ಸಮಯ ನೋಡಿಕೊಳ್ಳುವ ಮೇಜಿನ ಹಿಂದೆ ಕುಳಿತವರು ಅವರು. ಕೊರಳಿಗೆ ನೇತುಹಾಕಿಕೊಳ್ಳುವ ಪ್ಲಾಸ್ಟಿಕ್ ಸ್ಟಾಪ್‌ವಾಚ್ ಬಿಟ್ಟರೆ ಅವರ ಬಳಿ ಇರುವುದು ಮದುವೆಯಲ್ಲಿ ಉಡುಗೊರೆಯಾಗಿ ಬಂದ ಎಚ್‌ಎಂಟಿ ಕೈಗಡಿಯಾರ ಒಂದೇ. ಅದರ ಚರ್ಮದ ಬೆಲ್ಟಿಗೆ ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತದೆ, ಪ್ರತಿ ಸಲವೂ ಅವರು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಮತ್ತೆ ಕಟ್ಟಿಕೊಳ್ಳುತ್ತಾರೆ.

ಮೂರು ವರ್ಷ ಕೂಡಿಟ್ಟ ಹಣದಲ್ಲಿ ಅವರಿಗೆ ಒಂದು ಒಳ್ಳೆಯ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಒಳಗೇ ಇರುವ ಕೈಗಡಿಯಾರ, ಕೊಡಿಸಬೇಕೆಂದು ಹುಡುಕುತ್ತ ಹೋಗಿ ಟ್ಯೂಡರ್ ಎಂಬ ಸ್ವಿಸ್ ಕಂಪನಿಯ ಬ್ಲ್ಯಾಕ್ ಬೇ ಕ್ರೋನೋದ ಮುಂದೆ ನಿಂತಿದ್ದೇನೆ. 41 ಮಿಲಿಮೀಟರ್‌ನ ಸ್ಟೀಲ್ ಕೇಸು, 200 ಮೀಟರ್ ಆಳದವರೆಗೆ ನೀರು ತಡೆಯುವ ಶಕ್ತಿ, ಕೀ ಗುಂಡಿಯಂತೆಯೇ ತಿರುಪಿ ಬಿಗಿಮಾಡಬಹುದಾದ ಒತ್ತುಗುಂಡಿಗಳು, ಕೈಯಿಂದ ಬಿಚ್ಚಿಟ್ಟರೂ 70 ಗಂಟೆ ನಡೆಯುವ ಯಂತ್ರ, ಇವನ್ನೆಲ್ಲ ನೋಡಿದ ಮೇಲೆ ಗಡಿಯಾರದ ಬಗ್ಗೆ ಸಂದೇಹ ಉಳಿದಿಲ್ಲ. ಸಂದೇಹವಿರುವುದು ಬಣ್ಣದಲ್ಲಿ. ಬಿಳಿ ಡಯಲಿನಲ್ಲಿ ಎರಡು ಕಪ್ಪು ವೃತ್ತಗಳಿರುವ, ಎಲ್ಲರೂ ಪಾಂಡಾ ಎಂದು ಕರೆಯುವ ಮಾದರಿ ಒಂದು. 2024ರಲ್ಲಿ ಬಂದ ಗುಲಾಬಿ ಇನ್ನೊಂದು. ಫ್ಲೆಮಿಂಗೋ ಬ್ಲೂ ಎಂಬ ಹಸಿರು ಛಾಯೆಯ ತಿಳಿನೀಲಿ ಮತ್ತೊಂದು. ಕಪ್ಪು ಡಯಲಿನದೂ ಇದೆ, ಆದರೆ ಅಪ್ಪನಿಗೆ ಕಪ್ಪು ಬೇಡವೆಂಬುದು ನನಗೆ ಗೊತ್ತು. ಬೆಂಗಳೂರಿನ ಅಂಗಡಿಯಲ್ಲಿ ಗುಲಾಬಿಯನ್ನು ಕಂಡ ಕ್ಷಣದಿಂದ ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಆದರೆ ಕಟ್ಟಿಕೊಳ್ಳುವವರು ಅವರು, ನಾನಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ವಿರಾಜಪೇಟೆಯ ಗಡಿಯಾರ ರಿಪೇರಿಯವರು:

ತಂಗಿ, ಮೊದಲು ಓದುವ ಮಾತನ್ನು ಮುಗಿಸೋಣ, ಏಕೆಂದರೆ ಅರವತ್ತರ ಕಣ್ಣಿಗೆ ಅದೇ ಮುಖ್ಯ. ನೀವು ಹೇಳಿದ ಮೂರರಲ್ಲೂ ಚಿಕ್ಕ ವೃತ್ತಗಳು ಕಪ್ಪು, ಸುತ್ತಲಿನ ವೇಗದ ಅಳತೆಯ ಬಳೆಯೂ ಕಪ್ಪು. ಒಂಬತ್ತರ ಕಡೆಯ ವೃತ್ತ ಎಂದಿನ ಸೆಕೆಂಡು ತೋರಿಸುತ್ತದೆ, ಮೂರರ ಕಡೆಯದು 45 ನಿಮಿಷಗಳವರೆಗೆ ಎಣಿಸುತ್ತದೆ. ಹಾಕಿಯಲ್ಲಿ ಈಗ ಹದಿನೈದು ನಿಮಿಷದ ನಾಲ್ಕು ಭಾಗಗಳಿರುವುದರಿಂದ ಒಂದೊಂದು ಭಾಗವೂ ಆ ವೃತ್ತದ ಮೂರನೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ. ನಿಮಿಷದ ಪುಟ್ಟ ಮುಳ್ಳು ಎಲ್ಲಿದೆ ಎಂದು ದೂರದಿಂದ ನೋಡಿದರೂ ಅಂದಾಜು ಸಿಗುತ್ತದೆ. ಇದು ಮೂರು ಬಣ್ಣಗಳಲ್ಲೂ ಒಂದೇ. ಆದ್ದರಿಂದ ಬಣ್ಣದಿಂದ ಎಣಿಕೆಗೆ ತೊಂದರೆಯಾಗುತ್ತದೆ ಎಂಬ ಭಯ ಬೇಡ.

ತೊಂದರೆ ಕೊಡುವುದು ಬಣ್ಣವಲ್ಲ, ಗಂಟೆಯ ಮುಳ್ಳು. ಸ್ನೋಫ್ಲೇಕ್ ಎಂದು ಕರೆಯುವ ಆ ಮುಳ್ಳಿನ ಮೇಲೆ ಅಗಲವಾದ ಚೌಕವಿದೆ. ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ ಅದು ನಿಮಿಷದ ವೃತ್ತದ ಮೇಲೆ ಹಾದು ಅದನ್ನು ಕೆಲಹೊತ್ತು ಮರೆಮಾಡುತ್ತದೆ. ಪಂದ್ಯಗಳು ನಡೆಯುವ ಹೊತ್ತೂ ಅದೇ ಆಗಿರುವುದರಿಂದ ಇದನ್ನು ನಿಮ್ಮ ತಂದೆಯವರಿಗೆ ಮೊದಲೇ ತೋರಿಸಿಬಿಡಿ.

ಇನ್ನೊಂದು ಮಾತು. ಒತ್ತುಗುಂಡಿಗಳನ್ನು ಸಡಿಲಿಸಿದ ಮೇಲೆಯೇ ಕ್ರೋನೋ ಓಡುತ್ತದೆ, ಪಂದ್ಯ ಮುಗಿದ ಮೇಲೆ ಮತ್ತೆ ತಿರುಪಿ ಬಿಗಿಮಾಡಬೇಕು. 200 ಮೀಟರ್ ಎಂಬ ಅಂಕಿ ಗುಂಡಿಗಳು ಬಿಗಿಯಾಗಿರುವಾಗಿನದು. ನಮ್ಮಲ್ಲಿ ಜೂನ್ ಬಂದರೆ ಗೋಡೆಯೇ ಬೆವರುತ್ತದೆ. ಕೀ ಗುಂಡಿಯನ್ನು ಅರ್ಧ ತಿರುಪಿ ಬಿಟ್ಟಿದ್ದ ಗಡಿಯಾರಗಳ ಗಾಜಿನೊಳಗೆ ಮಂಜು ಕಟ್ಟಿದ್ದನ್ನು ನಾನು ಪ್ರತಿ ವರ್ಷ ಬಿಚ್ಚಿ ಒಣಗಿಸುತ್ತೇನೆ. ಯಾವ ಬಣ್ಣ ಕೊಂಡರೂ ಸ್ಟೀಲ್ ಚೈನಿನದನ್ನೇ ಕೊಳ್ಳಿ. ಬೂಷ್ಟಿನ ಕಥೆ ನಿಮಗೆ ಗೊತ್ತೇ ಇದೆ.

ಸಿದ್ದಾಪುರದ ತೋಟದಿಂದ:

ಮೇಲಿನ ಅಣ್ಣನವರು ಓದುವ ಮಾತನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಬೆಳಕಿನ ಮಾತು ಹೇಳುತ್ತೇನೆ. ಭಾವನವರ ಗುಲಾಬಿ ಡಯಲಿನ ಗಡಿಯಾರವನ್ನು ಎರಡು ದಿನ ನನ್ನ ಕೈಯಲ್ಲಿ ಕಟ್ಟಿಕೊಂಡು ತೋಟ ಸುತ್ತಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಬಿಳಿ ದೀಪಗಳ ಕೆಳಗೆ ಕಂಡ ಗುಲಾಬಿಯೇ ಬೇರೆ, ಕಾಫಿ ತೋಟದ ಸಿಲ್ವರ್ ಓಕ್ ಮರದ ನೆರಳಿನಲ್ಲಿ ಕಾಣುವ ಗುಲಾಬಿಯೇ ಬೇರೆ. ಎಲೆಗಳ ಮೂಲಕ ಇಳಿದು ಬರುವ ಬೆಳಕಿನಲ್ಲಿ ಹಸಿರಿನ ಅಂಶವೇ ಹೆಚ್ಚು. ಗುಲಾಬಿ ಬಣ್ಣ ನಮ್ಮ ಕಣ್ಣಿಗೆ ಗುಲಾಬಿಯಾಗಿ ಕಾಣುವುದು ಅದು ಕೆಂಪನ್ನು ಹೆಚ್ಚಾಗಿ ಹಿಂದಿರುಗಿಸಿ ಹಸಿರನ್ನು ಹೀರಿಕೊಳ್ಳುವುದರಿಂದ; ಬರುವ ಬೆಳಕಿನಲ್ಲಿಯೇ ಕೆಂಪು ಕಡಿಮೆಯಾದರೆ ಅದಕ್ಕೆ ಹಿಂದಿರುಗಿಸಲು ಏನೂ ಉಳಿಯುವುದಿಲ್ಲ. ಬೆಳಗ್ಗೆ ಕಣದ ಬಿಸಿಲಿನಲ್ಲಿ, ಹರಡಿದ ಕಾಫಿ ಹಣ್ಣಿನ ಪಕ್ಕ ಕೈ ಚಾಚಿದಾಗ ಆ ಡಯಲು ಕೆಂಡಸಂಪಿಗೆಯ ಹಾಗೆ ಹೊಳೆಯುತ್ತಿತ್ತು. ಇಪ್ಪತ್ತು ಹೆಜ್ಜೆ ನಡೆದು ಗಿಡಗಳ ನಡುವೆ ಹೋದೆ, ಬೂದಿ ಬೆರೆತ ಹಾಗೆ ಮಂಕಾಯಿತು. ಮೊದಲು ಕಣ್ಣಿನ ದೋಷವೆಂದುಕೊಂಡೆ. ಮೂರು ಸಲ ಹೋಗಿ ಬಂದು ನೋಡಿದೆ. ತಿಳಿನೀಲಿಯಲ್ಲಿ ಹಸಿರಿನ ಪಾಲು ಇರುವುದರಿಂದ ಅದೇ ನೆರಳಿನಲ್ಲಿ ಅದು ಕಳೆಗುಂದುವುದಿಲ್ಲ, ಸ್ವಲ್ಪ ಹಸಿರಿನ ಕಡೆಗೆ ವಾಲುತ್ತದೆ ಅಷ್ಟೆ. ರಾತ್ರಿ ಹಳದಿ ಬಲ್ಬಿನ ಕೆಳಗೆ ಮಾತ್ರ ಗುಲಾಬಿಗೆ ಮತ್ತೆ ಜೀವ ಬರುತ್ತದೆ.

ಹಾಗಾಗಿ ನಿಮ್ಮ ಅಪ್ಪ ದಿನದ ಹೆಚ್ಚು ಹೊತ್ತು ಕಳೆಯುವುದು ಎಲ್ಲಿ ಎಂಬುದನ್ನು ಯೋಚಿಸಿ. ತೋಟದಲ್ಲಾದರೆ ನಾನು ನೀಲಿಯನ್ನೇ ಹೇಳುತ್ತೇನೆ. ಏಪ್ರಿಲ್ ಮೈದಾನದ ಬಿಸಿಲಿನಲ್ಲಾದರೆ ಮೂರೂ ಚೆಂದ, ಆದರೆ ಬಿಳಿ ಡಯಲು ಆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ.

ಆ ವೇಗದ ಅಳತೆಯನ್ನು ನಮ್ಮ ರಸ್ತೆಗಳಲ್ಲಿ ಬಳಸುವ ಆಸೆ ಬೇಡವೆಂದೂ ಅಪ್ಪನಿಗೆ ಹೇಳಿ. ಒಂದು ಕಿಲೋಮೀಟರನ್ನು ಒಂದು ನಿಮಿಷದೊಳಗೆ ದಾಟಿದರೆ ಮಾತ್ರ ಬಳೆಯ ಅಂಕಿ ನೇರವಾಗಿ ವೇಗ ತೋರಿಸುತ್ತದೆ. ನಮ್ಮ ತಿರುವುಗಳಲ್ಲಿ ಗಂಟೆಗೆ ನಲವತ್ತರಲ್ಲಿ ಹೋದರೆ ಅದಕ್ಕೆ ತೊಂಬತ್ತು ಸೆಕೆಂಡು ಬೇಕು.

ಮಡಿಕೇರಿಯ ಹಿರಿಯರು:

ಮಗಳೇ, ಗುಲಾಬಿಯ ಪರವಾಗಿ ಯಾರೂ ಮಾತನಾಡದಿರುವುದು ನನಗೆ ಸರಿಕಾಣಲಿಲ್ಲ. ಅದು ಹೆಣ್ಣುಮಕ್ಕಳ ಬಣ್ಣವೆಂಬ ಮಾತನ್ನು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಬಣ್ಣ ಈ ಕಂಪನಿಯ ಕ್ರೋನೋಗ್ರಾಫಿಗೆ ಹೊಸದಲ್ಲ. 1970ರಲ್ಲಿ ಬಂದ ಅವರ ಮೊದಲ ಕ್ರೋನೋದಲ್ಲಿಯೇ ಬೂದು ಡಯಲಿನ ಮೇಲೆ ಕಿತ್ತಳೆ ಬಣ್ಣವಿತ್ತು, 45 ನಿಮಿಷದ ವೃತ್ತವೂ ಅಂದಿನಿಂದ ಬಂದದ್ದೇ. ಮರುವರ್ಷ ಬಂದ ಮಾದರಿಯನ್ನು, ಅದರ ಡಯಲು ಜೂಜಿನ ಚಕ್ರದಂತೆ ಕಂಡದ್ದರಿಂದ, ಸಂಗ್ರಾಹಕರು ಜೂಜಿನ ಮನೆಗೆ ಹೆಸರಾದ ಊರಿನ ಹೆಸರಿನಿಂದ ಮಾಂಟೆ ಕಾರ್ಲೋ ಎಂದೇ ಕರೆದರು.

ಆದರೂ ನಿಮ್ಮ ತಂದೆಯವರ ವಿಷಯದಲ್ಲಿ ನನ್ನ ಮನಸ್ಸು ತಡೆಯುವುದು ಬೇರೆ ಕಾರಣಕ್ಕೆ. ಸುಗ್ಗಿಯ ಹಬ್ಬವಾದ ಪುತ್ತರಿಗೂ ಮದುವೆಗಳಿಗೂ ಅವರು ನಮ್ಮ ಕೊಡವ ಗಂಡಸರ ಉಡುಗೆಯಾದ ಕುಪ್ಯಚೇಲೆ ಧರಿಸುತ್ತಾರೆ ತಾನೇ? ಕುಪ್ಯ ಎಂಬ ಆ ಕಪ್ಪು ನಿಲುವಂಗಿಯ ತೋಳು ಗಿಡ್ಡ. ಅದರೊಳಗಿನ ಬಿಳಿ ಶರ್ಟಿನ ತೋಳು ಮಣಿಕಟ್ಟಿನವರೆಗೆ ಇರುತ್ತದೆ. ಹಾಗಾಗಿ ಗಡಿಯಾರ ಕೂರುವುದು ಕಪ್ಪು ಬಟ್ಟೆಯ ಪಕ್ಕದಲ್ಲಿ ಅಲ್ಲ, ಬಿಳಿ ಕಫಿನ ಪಕ್ಕದಲ್ಲಿ. ಅಲ್ಲಿ ಬಿಳಿ ಡಯಲು ಕರಗಿ ಹೋಗುತ್ತದೆ. ಕೈ ಇಳಿಬಿಟ್ಟರೆ ಸೊಂಟದ ಚೇಲೆಯ ಕೆಂಪು ರೇಷ್ಮೆಗೂ ಪೀಚೆಕತ್ತಿಯ ಬೆಳ್ಳಿಗೂ ಗಡಿಯಾರ ಸಮೀಪ ಬರುತ್ತದೆ. ಆ ಕೆಂಪಿನ ಎದುರು ಗುಲಾಬಿ ಪೈಪೋಟಿಗೆ ನಿಲ್ಲುತ್ತದೆ, ಎರಡೂ ಸೊರಗುತ್ತವೆ. ನೀಲಿ ತನ್ನಷ್ಟಕ್ಕೆ ತಾನು ಇರುತ್ತದೆ. ಗಡಿಯಾರದ ದಪ್ಪ 14 ಮಿಲಿಮೀಟರ್ ದಾಟುವುದರಿಂದ ಕಫಿನ ಗುಂಡಿಯನ್ನು ಸ್ವಲ್ಪ ಸಡಿಲಿಸಿ ಹೊಲಿಸಬೇಕಾದೀತು.

ಕೊಳ್ಳುವಾಗ ಅಧಿಕೃತ ಅಂಗಡಿಯಲ್ಲಿಯೇ ಕೊಳ್ಳಿ. ಐದು ವರ್ಷದ ಗ್ಯಾರಂಟಿ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಎರಡು ಲಕ್ಷ ದಾಟುವ ಖರೀದಿಗೆ ಪ್ಯಾನ್ ಕೊಡಬೇಕು, ಅಷ್ಟು ಹಣವನ್ನು ನಗದಾಗಿ ತೆಗೆದುಕೊಳ್ಳಲು ಅಂಗಡಿಯವರಿಗೆ ಕಾನೂನು ಬಿಡುವುದಿಲ್ಲ. ನಗದು ಕೊಟ್ಟರೆ ಕಡಿಮೆ ಮಾಡುತ್ತೇವೆಂದು ಹೇಳುವವರ ಬಳಿ ನಿಲ್ಲಬೇಡಿ.

ಪೊನ್ನಂಪೇಟೆಯ ಮಗಳು:

ಮೂವರಿಗೂ ಮನಸಾರೆ ವಂದನೆಗಳು. ಕಳೆದ ಶನಿವಾರ ಅಪ್ಪನ ಒಂದು ಬಿಳಿ ಶರ್ಟನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋಗಿದ್ದೆ. ವಿಷಯ ವಿವರಿಸಿದಾಗ ಅಂಗಡಿಯವರು ಅವರ ಸಿಬ್ಬಂದಿಯೊಬ್ಬರನ್ನು ಜೊತೆಗೆ ಕಳುಹಿಸಿ, ಗಡಿಯಾರಗಳನ್ನು ಬಾಗಿಲ ಹೊರಗಿನ ಮಳೆಮರದ ಕೆಳಗೆ ನೋಡಲು ಬಿಟ್ಟರು. ಶರ್ಟಿನ ಕಫನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಒಂದೊಂದಾಗಿ ಇಟ್ಟು ನೋಡಿದೆ. ಸಿದ್ದಾಪುರದವರು ಹೇಳಿದಂತೆ ಗುಲಾಬಿ ಮಂಕಾಯಿತು, ನನಗೆ ನಿಜವಾಗಿಯೂ ಬೇಸರವಾಯಿತು. ಬಿಳಿ, ಕಫಿನೊಂದಿಗೆ ಒಂದಾಗಿ ಎರಡು ಕಪ್ಪು ಚುಕ್ಕೆಗಳಷ್ಟೇ ಉಳಿದವು. ನೀಲಿಯ ಮೇಲೆ ಎಲೆಗಳ ನೆರಳು ಅಲುಗಾಡುತ್ತಿತ್ತು, ನಿಮಿಷದ ಪುಟ್ಟ ಮುಳ್ಳು ಆಗಲೂ ಸ್ಪಷ್ಟವಾಗಿ ಕಾಣುತ್ತಿತ್ತು.

ನೀಲಿಗೆ ಮುಂಗಡ ಕೊಟ್ಟು ಬಂದಿದ್ದೇನೆ. ವಿರಾಜಪೇಟೆಯ ಅಣ್ಣನವರೇ, ಗಡಿಯಾರ ಬಂದ ಮೇಲೆ ಅಪ್ಪನನ್ನು ನಿಮ್ಮ ಅಂಗಡಿಗೆ ಕರೆದುಕೊಂಡು ಬರುತ್ತೇನೆ. ಗುಂಡಿ ಬಿಗಿಮಾಡುವುದನ್ನು ನೀವೇ ಒಮ್ಮೆ ಅವರ ಕೈ ಹಿಡಿದು ತೋರಿಸಬೇಕು, ನಾನು ಹೇಳಿದರೆ ಅವರು ಕೇಳುವುದಿಲ್ಲ.