ಮೂರು ಜನ ಒಟ್ಟಿಗೆ ಊದಿದರೆ ಗಲಾಟೆ ಆಗಲ್ವಾ?

ಕುವೆಂಪುನಗರದವ:
ನಾನು ಮೈಸೂರಲ್ಲಿ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುತ್ತೇನೆ. ನಾವು ಐದು ಜನ ಸೇರಿ ಸುಮ್ನೆ ಆಸೆಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಹಳೇ ಶೈಲಿಯ ಜಾಜ್ ಶುರು ಮಾಡಿದ್ದೇವೆ. ಟ್ರಂಪೆಟ್, ಕ್ಲಾರಿನೆಟ್, ಟ್ರಾಂಬೋನ್ ಒಟ್ಟಿಗೆ ಹೊರಟರೆ ಸಂತೆ ಥರ ಕೇಳುತ್ತದೆ. ಏನು ಮಾಡೋಣ?

ಮಂಡ್ಯದ ಕ್ಲಾರಿನೆಟ್:
ಎಲ್ಲರೂ ಹಾಡಿನ ಧಾಟಿಯನ್ನೇ ಹಿಡಿದರೆ ಇನ್ನೇನಾಗುತ್ತೆ! ಧಾಟಿ ನಿಮ್ಮ ಟ್ರಂಪೆಟ್‌ಗೆ ಇರಲಿ, ಕ್ಲಾರಿನೆಟ್ ಮೇಲಿನ ಸ್ಥಾಯಿಯಲ್ಲಿ ಅದರ ಸುತ್ತ ಓಡಾಡಲಿ, ಟ್ರಾಂಬೋನ್ ಕೆಳಗಿನಿಂದ ಜಾರುತ್ತಾ ಸಂದು ತುಂಬಲಿ. ಮೊದಲು ಡ್ರಮ್ ಬಿಟ್ಟು ಅಭ್ಯಾಸ ಮಾಡಿ. ನಮ್ಮ ಟ್ರಾಂಬೋನ್‌ನವರು ಸ್ಲೈಡ್‌ಗೆ (ಹಿಂದೆ ಮುಂದೆ ಜಾರುವ ಕೊಳವೆಗೆ) ಎಣ್ಣೆ ಹಚ್ಚದೆ ಬಂದು, ಅರ್ಧ ಗಂಟೆ ಕರ್ಚೀಫಿನಲ್ಲಿ ಒರೆಸುತ್ತಾ ಕೂತಿದ್ದರು. ಅದು ಬೇರೆ ಕಥೆ.

ದೊಡ್ಡಗಡಿಯಾರ:
ಸ್ಯಾಕ್ಸೋಫೋನ್ ಕೂಡ ಸೇರಿಸಿ ಸಾರ್. ಕದ್ರಿ ಗೋಪಾಲನಾಥರು ಅದಕ್ಕೆ ಮನಸೋತಿದ್ದು ನಮ್ಮ ಅರಮನೆ ಬ್ಯಾಂಡಿನಲ್ಲಿ ಕೇಳಿಯೇ ಅಲ್ವಾ? ಅಪ್ಪ ನಾಗಸ್ವರದವರು, ಮಗ ಸ್ಯಾಕ್ಸೋಫೋನ್ ಹಿಡಿದು 1980ರ ಬಾಂಬೆ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು.

ಕುವೆಂಪುನಗರದವ:
ಡ್ರಮ್ ಬಿಡಿ ಅಂತ ಹೇಗೆ ಹೇಳಲಿ, ಅಭ್ಯಾಸ ಮಾಡುವ ಶೆಡ್ ಅವನದೇ!