ಟಿಬಿ ಚಿಕಿತ್ಸೆ ಮುಗಿದ ಎಚ್‌ಐವಿ ರೋಗಿಗೆ ಐಗ್ರಾ, ಐಎಲ್-6 ಮಾಡಿಸಬೇಕಾ?

ಪ್ರಶ್ನೆ: ಮೂಡಿಗೆರೆ_ಫೀಲ್ಡ್
ಕಾಫಿ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕ. ಎಚ್‌ಐವಿ ಇದೆ, ಶ್ವಾಸಕೋಶದ ಟಿಬಿಗೆ ಆರು ತಿಂಗಳ ಮಾತ್ರೆ ಮುಗಿದು ಮೂರು ವಾರ ಆಯ್ತು. ಸಿಡಿ-4 (ರೋಗನಿರೋಧಕ ಜೀವಕೋಶಗಳ ಎಣಿಕೆ) 210, ವೈರಲ್ ಲೋಡ್ (ರಕ್ತದಲ್ಲಿನ ಎಚ್‌ಐವಿ ಪ್ರಮಾಣ) ಪತ್ತೆಯಾಗಿಲ್ಲ. ಎರಡನೇ ತಿಂಗಳ ಕಫ ಪಾಸಿಟಿವ್ ಇತ್ತು, ಕೊನೆಯದು ನೆಗೆಟಿವ್. ಮತ್ತೆ ಬರುತ್ತಾ ಅಂತ ಮೊದಲೇ ತಿಳಿಯೋಕೆ ಐಗ್ರಾ (ಟಿಬಿ ಬ್ಯಾಕ್ಟೀರಿಯಾಗೆ ದೇಹದ ಸ್ಪಂದನೆ ನೋಡುವ ರಕ್ತ ಪರೀಕ್ಷೆ), ಐಎಲ್-6 (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಮಾಡಿಸಿ ಅಂತ ಮನೆಯವರಿಗೆ ಯಾರೋ ಹೇಳಿದ್ದಾರೆ. ಕೈಯಿಂದ ದುಡ್ಡು ಹಾಕಿ ಮಾಡಿಸಿದರೆ ಉಪಯೋಗ ಇದೆಯಾ?

ಉತ್ತರ: ಇಮ್ಯುನೊ_ಹಾಸನ
ಐಗ್ರಾ ಬೇಡವೇ ಬೇಡ. ಒಮ್ಮೆ ಟಿಬಿ ಬಂದವರಲ್ಲಿ ಟಿ ಜೀವಕೋಶಗಳ (ಐಗ್ರಾ ಅಳೆಯುವ ರೋಗನಿರೋಧಕ ಕೋಶಗಳ) ನೆನಪು ಚಿಕಿತ್ಸೆ ಮುಗಿದರೂ ಹೋಗಲ್ಲ, ಹಾಗಾಗಿ ಪಾಸಿಟಿವ್ ಬಂದರೂ ಅದರಿಂದ ಏನೂ ತೀರ್ಮಾನ ಆಗಲ್ಲ. ಸಿಡಿ-4 ತೀರಾ ಕೆಳಗಿದ್ದರೆ ಮೈಟೋಜೆನ್ ಟ್ಯೂಬೇ (ಕೋಶಗಳು ಸ್ಪಂದಿಸುತ್ತವಾ ಅಂತ ನೋಡುವ ಹೋಲಿಕೆ ಟ್ಯೂಬ್) ಏಳದೆ ‘ಇಂಡಿಟರ್ಮಿನೇಟ್’, ಅಂದರೆ ಹೌದೂ ಅಲ್ಲ ಇಲ್ಲವೂ ಅಲ್ಲ ಅಂತ ಬರುತ್ತೆ.

ಐಎಲ್-6 ವಿಚಾರ ಬೇರೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಎಆರ್‌ಟಿ (ಎಚ್‌ಐವಿ ಔಷಧ) ತಗೊಳ್ಳುತ್ತಿದ್ದವರನ್ನು ಹಿಂಬಾಲಿಸಿದಾಗ ಐಎಲ್-6 ಜಾಸ್ತಿ ಇದ್ದವರಲ್ಲಿ ಟಿಬಿ ಮರುಕಳಿಸಿದ್ದು ಹೆಚ್ಚು ಕಂಡಿತ್ತು. ಆದರೆ ಅದು ಗುಂಪಿನ ಲೆಕ್ಕ. ಒಬ್ಬ ರೋಗಿಗೆ ‘ಇಷ್ಟು ದಾಟಿದರೆ ಅಪಾಯ’ ಅನ್ನುವ ಒಪ್ಪಿತ ಗಡಿ ಇಲ್ಲ. ಶೀತ, ಮೂತ್ರದ ಸೋಂಕು, ಹಲ್ಲಿನ ಕೀವು ಯಾವುದಕ್ಕೂ ಏರುತ್ತೆ. 2016ರಲ್ಲಿ ಬಂದ 16 ಜೀನ್‌ಗಳ ರಕ್ತ ಸೂಚಿಯೂ ಟಿಬಿ ಕಾಣಿಸಿಕೊಳ್ಳುವ ಹಿಂದಿನ ಒಂದು ವರ್ಷದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳನ್ನಷ್ಟೇ ಹಿಡಿಯಿತು. ಅದರಲ್ಲಿರುವುದು ಇಂಟರ್‌ಫೆರಾನ್‌ಗೆ (ಸೋಂಕಾದಾಗ ದೇಹ ಬಿಡುವ ಪ್ರೋಟೀನ್) ಓಗೊಡುವ ಜೀನ್‌ಗಳು, ವೈರಲ್ ಲೋಡ್ ಏರಿದರೂ ಅವು ಏರುತ್ತವೆ.

ಇನ್ನೊಂದು ತೊಡಕು: ಮರುಕಳಿಕೆ ಅಂದರೆ ಹಳೆ ಬ್ಯಾಕ್ಟೀರಿಯಾ ಮತ್ತೆ ಎದ್ದಿರಬಹುದು, ಹೊಸದು ಹತ್ತಿರಲೂಬಹುದು. ಪಕ್ಕದ ಲೈನ್ ಮನೆಯಲ್ಲಿ ಮುಂದಿನ ವರ್ಷ ಯಾರು ಕೆಮ್ಮುತ್ತಾರೆ ಅಂತ ಯಾವ ಐಎಲ್-6 ಹೇಳುತ್ತೆ? ಎರಡನೇ ತಿಂಗಳ ಪಾಸಿಟಿವ್ ಕಫ, ಮೊದಲ ಎಕ್ಸ್‌ರೇಯಲ್ಲಿ ಕುಹರ (ಶ್ವಾಸಕೋಶದಲ್ಲಿ ಗುಳಿ) ಇತ್ತಾ ಅನ್ನುವುದು, ಇವೆರಡಕ್ಕೆ ನಾನು ಹೆಚ್ಚು ಬೆಲೆ ಕೊಡ್ತೀನಿ.

ಉತ್ತರ: ಲ್ಯಾಬ್_ಸಕಲೇಶಪುರ
ಮಾದರಿಯ ಕಷ್ಟವೂ ಇದೆ. ಐಎಲ್-6ಗೆ ರಕ್ತ ತೆಗೆದ ಬೇಗನೇ ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್ ಮಾಡಬೇಕು. ತೋಟದಿಂದ ಬಸ್ಸಿನಲ್ಲಿ ಬಂದು ಸಂಜೆವರೆಗೆ ಬೆಂಚಿನ ಮೇಲೆ ಕೂತ ಟ್ಯೂಬಿನ ಸಂಖ್ಯೆ ನಂಬುವಂಥದ್ದಲ್ಲ. ಈ ಸಲ ಇಡಿಟಿಎ (ರಕ್ತ ಹೆಪ್ಪುಗಟ್ಟದ ಟ್ಯೂಬ್), ಮುಂದಿನ ಸಲ ಸೀರಂ (ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಅಂತಾದರೆ ಹೋಲಿಕೆಯೂ ಕೆಟ್ಟಿತು. ಅದರ ಬದಲು ಸಿಆರ್‌ಪಿ (ಉರಿಯೂತ ತೋರಿಸುವ ಇನ್ನೊಂದು ರಕ್ತ ಪರೀಕ್ಷೆ) ಅಗ್ಗ, ಅಷ್ಟು ಬೇಗ ಕೆಡಲ್ಲ. ಎಚ್‌ಐವಿ ಇರುವವರ ಟಿಬಿ ತಪಾಸಣೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಲೀಟರಿಗೆ 5 ಮಿಲಿಗ್ರಾಂ ಗಡಿ ಇಟ್ಟಿದೆ.

ಮೂಡಿಗೆರೆ_ಫೀಲ್ಡ್
ಸರಿ ಸರ್, ಐಎಲ್-6 ಕೈಬಿಟ್ಟೆ. ಸಿಆರ್‌ಪಿ 12 ಬಂತು ಅಂತಿಟ್ಟುಕೊಳ್ಳಿ, ಮಾತ್ರೆ ಮತ್ತೆ ಶುರು ಮಾಡಬೇಕಾ?

ಉತ್ತರ: ಎಆರ್‌ಟಿ_ಚಿಕ್ಕಮಗಳೂರು
ಇಲ್ಲ. ಸಿಆರ್‌ಪಿ ಏರಿದರೆ ಕಫ ಪರೀಕ್ಷೆಗೆ ಕಳಿಸಿ, ಅಷ್ಟೇ. ಕಳಿಸುವಾಗ ‘ಹಿಂದೆ ಟಿಬಿ, ಚಿಕಿತ್ಸೆ ಮುಗಿದ ತಿಂಗಳು ಇಂಥದ್ದು’ ಅಂತ ಅರ್ಜಿಯಲ್ಲೇ ಬರೆಯಿರಿ. ಎಕ್ಸ್‌ಪರ್ಟ್ ಅಲ್ಟ್ರಾ (ಕಫದಲ್ಲಿ ಟಿಬಿ ಡಿಎನ್‌ಎ ಹುಡುಕುವ ಯಂತ್ರ ಪರೀಕ್ಷೆ) ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತೆ. ಕಳೆದ ಐದು ವರ್ಷದೊಳಗೆ ಟಿಬಿ ಆದವರಲ್ಲಿ ‘ಟ್ರೇಸ್’ (ಅತಿ ಕಡಿಮೆ ಡಿಎನ್‌ಎ) ಬಂದರೆ ಅದೊಂದರ ಮೇಲೆ ನಿರ್ಧಾರ ಬೇಡ. ಲಿಕ್ವಿಡ್ ಕಲ್ಚರ್ (ಜೀವಂತ ಬ್ಯಾಕ್ಟೀರಿಯಾ ದ್ರವದಲ್ಲಿ ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಹಾಕಿಸಿ. ನೆಗೆಟಿವ್ ಅನ್ನೋಕೆ 42 ದಿನ ಕಾಯಬೇಕು. ಹಳೆ ಎಕ್ಸ್‌ರೇ ಫಿಲ್ಮ್ ತರಲು ಹೇಳಿ, ಇಲ್ಲದಿದ್ದರೆ ಗಾಯದ ಗುರುತೇ ಹೊಸ ಟಿಬಿಯಂತೆ ಕಾಣುತ್ತೆ.

ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು: ಎಆರ್‌ಟಿಗೆ ಬಂದಾಗಲೆಲ್ಲ ಕೇಳಿ. ಟಿಬಿ ಕಡೆಯ ಫಾಲೋಅಪ್ 6, 12, 18, 24ನೇ ತಿಂಗಳಿಗೆ. ತೂಕ ಒಂದೇ ತಕ್ಕಡಿಯಲ್ಲಿ, ಚಪ್ಪಲಿ ಬಿಚ್ಚಿಸಿ ನೋಡಿ. ಎರಡು ಕಿಲೋ ವ್ಯತ್ಯಾಸ ಚಪ್ಪಲಿ-ಸ್ವೆಟರ್‌ನಲ್ಲೇ ಮುಚ್ಚಿಹೋಗುತ್ತೆ.

ಡೊಲುಟೆಗ್ರಾವಿರ್ (ಎಚ್‌ಐವಿ ಮಾತ್ರೆ) ಮೇಲಿದ್ದರೆ ಇದನ್ನೂ ವಿಚಾರಿಸಿ: ರಿಫಾಂಪಿಸಿನ್ (ಟಿಬಿ ಔಷಧ) ಇದ್ದಷ್ಟು ದಿನ 12 ಗಂಟೆ ಬಿಟ್ಟು ಕೊಡುವ ಹೆಚ್ಚುವರಿ 50 ಮಿಲಿಗ್ರಾಂ ಅನ್ನು, ರಿಫಾಂಪಿಸಿನ್ ನಿಂತ ಮೇಲೂ ಎರಡು ವಾರ ಮುಂದುವರಿಸಬೇಕು. ಟಿಬಿ ಮಾತ್ರೆ ಮುಗಿದ ದಿನವೇ ಅದನ್ನೂ ಬಿಟ್ಟಿದ್ದರೆ ಎಆರ್‌ಟಿ ವೈದ್ಯರಿಗೆ ತಿಳಿಸಿ.

ಇಮ್ಯುನೊ_ಹಾಸನ
ಒಂದು ಬಿಟ್ಟುಹೋಯ್ತು. ಟಿಬಿ ಚಿಕಿತ್ಸೆ ಮುಗಿದ ಕೂಡಲೇ, ಮತ್ತೆ ಬಾರದಂತೆ ಐಸೋನಿಯಜಿಡ್ 300 ಮಿಲಿಗ್ರಾಂ, ಜೊತೆಗೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಶುರು ಮಾಡುವ ಬಗ್ಗೆ ಅಲ್ಲೇ ಕೇಳಿ. ಕಾಮಾಲೆ ಅಥವಾ ದಿನಾ ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿಸಿ. ಲೈನ್ ಮನೆಯಲ್ಲಿ ಜೊತೆಗೆ ಮಲಗುವವರ ತಪಾಸಣೆ ಆಗಿದೆಯಾ?

ಮೂಡಿಗೆರೆ_ಫೀಲ್ಡ್
ಹೆಂಡತಿ, ಮಕ್ಕಳದ್ದು ಆಗಿದೆ. ಗೋಡೆಯಾಚೆಯ ಎರಡು ಮನೆಯವರದ್ದು ಆಗಿಲ್ಲ. ಈ ವಾರ ಕಫದ ಡಬ್ಬಿ ತಗೊಂಡು ಹೋಗ್ತೀನಿ.